ಹಳೆಯ ಪದ್ಮಿನಿಗೆ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಅಳವಡಿಸುವ ಕ್ರಮ

ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯು 1964ರಿಂದ ಫಿಯೆಟ್ 1100 ಡಿಲೈಟ್ ಎಂದೂ, 1974ರ ಸುಮಾರಿನಿಂದ ಪ್ರೀಮಿಯರ್ ಪದ್ಮಿನಿ ಎಂದೂ ಮಾರಿದ ಕಾರಿನಲ್ಲಿ ಚಕ್ರ ತಿರುಗಿಸುವ ಕೆಲಸವನ್ನು ವರ್ಮ್ ಗೇರಿನ (ತಿರುಪಿನಂಥ ಹಲ್ಲಿನ ಗೇರಿನ) ಪೆಟ್ಟಿಗೆ ಮಾಡುತ್ತದೆ. ಪೆಟ್ಟಿಗೆಯಿಂದ ಹೊರಟ ಚಲನೆ ಡ್ರಾಪ್ ಆರ್ಮ್ (ಪೆಟ್ಟಿಗೆಯ ತೋಳು), ನಡುವಿನ ರಾಡ್, ಐಡ್ಲರ್ (ಆ ರಾಡಿನ ಇನ್ನೊಂದು ತುದಿ ಹಿಡಿದ ತೋಳು), ಪಕ್ಕದ ಟೈ ರಾಡ್‌ಗಳು ಇವೆಲ್ಲವನ್ನೂ ದಾಟಿ ಚಕ್ರ ಮುಟ್ಟಬೇಕು. ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸವೆತವಾದರೂ ಅದೆಲ್ಲ ಒಟ್ಟುಗೂಡಿ, ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವ ಸಡಿಲ ಸ್ಟೀರಿಂಗಿನಲ್ಲಿ ಕಾಣಿಸಿಕೊಳ್ಳುತ್ತದೆ. ರ‍್ಯಾಕ್ ಅಂಡ್ ಪಿನಿಯನ್‌ನಲ್ಲಿ ಸ್ಟೀರಿಂಗ್ ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರ (ಪಿನಿಯನ್) ಹಲ್ಲುಗಳಿರುವ ಅಡ್ಡ ಸರಳನ್ನು (ರ‍್ಯಾಕ್) ನೇರವಾಗಿ ಎಡಬಲಕ್ಕೆ ಸರಿಸುವುದರಿಂದ ಈ ಕೀಲುಗಳು ಕಡಿಮೆ. ಅದರ ಮುಖ್ಯ ಲಾಭ ಅಲ್ಲಿದೆ. ಅಂಬಾಸಿಡರ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳು ಕಾರ್ಖಾನೆಯಿಂದಲೇ ರ‍್ಯಾಕ್ ಸ್ಟೀರಿಂಗ್ ಹೊತ್ತು ಬಂದವು. ಅವುಗಳ ಮಾಲೀಕರಿಗೆ ಈ ಕೆಲಸದ ಅಗತ್ಯವಿಲ್ಲ. ಮುಂದೆ ಗಟ್ಟಿ ಆಕ್ಸೆಲ್ ಇರುವ ಹಳೆಯ ಜೀಪಿಗೂ ಇದು ಹೊಂದುವುದಿಲ್ಲ, ಏಕೆಂದರೆ ಚಾಸಿಗೆ ಕಟ್ಟಿದ ರ‍್ಯಾಕ್ ಒಂದೆಡೆ ನಿಂತು ಆಕ್ಸೆಲ್ ಇಡಿಯಾಗಿ ಮೇಲೆ ಕೆಳಗೆ ಆಡಿದರೆ ಚಕ್ರಗಳು ತಮ್ಮಷ್ಟಕ್ಕೆ ತಿರುಗತೊಡಗುತ್ತವೆ. ಪದ್ಮಿನಿಯ ಮುಂಚಕ್ರಗಳು ಕವಲು ತೋಳುಗಳಾದ ವಿಶ್‌ಬೋನ್‌ಗಳ ಮೇಲೆ ಪ್ರತ್ಯೇಕವಾಗಿ ಆಡುವುದರಿಂದ ಅದಕ್ಕೆ ರ‍್ಯಾಕ್ ಒಗ್ಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಮೊದಲನೆಯದು ದೋಷ ನಿಜವಾಗಿ ಎಲ್ಲಿದೆ ಎಂಬುದು. ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದಾಗ ಶಬ್ದ ಬಂದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಲಂಬ ಪಿನ್) ಬುಷ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಎಡಕ್ಕೂ ಬಲಕ್ಕೂ ಹಿಡಿದು ಅಲುಗಾಡಿಸಿದಾಗ ಮಾತ್ರ ಬಂದರೆ ಟೈ ರಾಡ್ ಎಂಡ್, ಐಡ್ಲರ್ ಬುಷ್ ಅಥವಾ ಪೆಟ್ಟಿಗೆಯನ್ನು ಸಂಶಯಿಸಬೇಕು. ಸವೆದ ಕಿಂಗ್ ಪಿನ್ ಮೇಲೆ ಹೊಸ ರ‍್ಯಾಕ್ ಕೂರಿಸುವುದು ಹಣ ವ್ಯರ್ಥ ಮಾಡುವ ದಾರಿ. ಈ ಭಾಗಗಳನ್ನು ಬದಲಿಸಿ, ಪೆಟ್ಟಿಗೆಯ ಅಡ್ಜಸ್ಟ್‌ಮೆಂಟ್ ಸರಿಪಡಿಸಿದ ಮೇಲೆ ಎಷ್ಟೋ ಕಾರುಗಳಿಗೆ ರ‍್ಯಾಕ್ ಬೇಡವೇ ಆಗುತ್ತದೆ, ಮತ್ತು ಅಂಥ ಕಾರನ್ನು ಹಾಗೆಯೇ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸ್ಟೀರಿಂಗಿನ ಬಗೆ ಆ ಪತ್ರದಲ್ಲಿ ನಮೂದಾಗದಿದ್ದರೂ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ವಿಮೆ ಕಂಪನಿಗೂ ತಿಳಿಸುವುದು ಒಳ್ಳೆಯದು. 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲೇ ಇರಬೇಕು, ಚಾಸಿ ಅಥವಾ ಬಾಡಿಯಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. 1964ರಿಂದ 70ರ ದಶಕದ ಮೊದಲ ಭಾಗದವರೆಗಿನ ಕಾರುಗಳು ಈ ವಯಸ್ಸನ್ನು ಈಗಾಗಲೇ ದಾಟಿವೆ. ಆದ್ದರಿಂದ ಚಾಸಿಯನ್ನು ಕತ್ತರಿಸದೆ, ವೆಲ್ಡ್ ಮಾಡದೆ, ಬೋಲ್ಟ್ ಬಿಚ್ಚಿದರೆ ಕಾರು ಹಿಂದಿನಂತಾಗುವ ರೀತಿಯಲ್ಲೇ ಇಡೀ ಕೆಲಸವನ್ನು ಯೋಜಿಸಬೇಕು.

ಅಳತೆ: ಇಡೀ ಕೆಲಸದ ಜೀವಾಳ

ಯಾವ ಕಾರಿನ ರ‍್ಯಾಕ್ ತರಬೇಕು ಎಂಬ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ರ‍್ಯಾಕಿನ ಎರಡು ತುದಿಗಳ ಒಳಕೀಲುಗಳು ಯಾವ ಜಾಗದಲ್ಲಿ ನಿಲ್ಲುತ್ತವೆ ಎಂಬುದು. ಚಕ್ರ ಹಳ್ಳಕ್ಕೆ ಇಳಿದು ಮೇಲೆದ್ದಾಗ ಟೈ ರಾಡ್ ಒಂದು ಕಮಾನಿನಲ್ಲಿ ಚಲಿಸುತ್ತದೆ, ವಿಶ್‌ಬೋನ್‌ಗಳು ಹಿಡಿದ ಚಕ್ರ ಇನ್ನೊಂದು ಕಮಾನಿನಲ್ಲಿ. ಈ ಎರಡು ಕಮಾನುಗಳು ಹೊಂದದಿದ್ದರೆ ಚಾಲಕ ಸ್ಟೀರಿಂಗ್ ಅಲುಗಿಸದೆಯೇ ಚಕ್ರ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದನ್ನು ಬಂಪ್ ಸ್ಟೀರ್ ಎನ್ನುತ್ತಾರೆ. ಹದಗೆಟ್ಟ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಇದು ಪ್ರಾಣಕ್ಕೇ ಎರವಾಗಬಹುದು.

ಸರಿಯಾದ ಜಾಗವನ್ನು ಕಾರ್ಖಾನೆಯ ಎಂಜಿನಿಯರುಗಳು ಆಗಲೇ ಕಂಡುಕೊಂಡಿದ್ದರು: ಪಕ್ಕದ ಟೈ ರಾಡ್‌ಗಳ ಒಳತುದಿಗಳು ಈಗ ಇರುವ ಎರಡು ಬಿಂದುಗಳೇ ಅವು. ಹಾಗಾಗಿ ಹಳೆಯ ಭಾಗಗಳನ್ನು ಕಳಚುವ ಮೊದಲೇ, ಕಾರು ಸಮತಟ್ಟಾದ ನೆಲದಲ್ಲಿ ತನ್ನ ಭಾರದ ಮೇಲೆ ನಿಂತಿರುವಾಗ, ಸ್ಟೀರಿಂಗನ್ನು ನೇರವಾಗಿಟ್ಟು, ಆ ಎರಡು ಕೀಲುಗಳ ನಡುಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ನೆಲದಿಂದ ಅವುಗಳ ಎತ್ತರ, ಒಂದರಿಂದ ಇನ್ನೊಂದಕ್ಕಿರುವ ದೂರ, ವಿಶ್‌ಬೋನ್‌ಗಳ ಒಳಪಿನ್ನುಗಳ ಜಾಗ, ಹೊರಗಿನ ಟೈ ರಾಡ್ ಎಂಡ್‌ಗಳ ಜಾಗ ಇವೆಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದಿಟ್ಟು, ದೊಡ್ಡ ಹಾಳೆಯ ಮೇಲೆ ಮುಂದಿನಿಂದಲೂ ಮೇಲಿನಿಂದಲೂ ಕಾಣುವಂತೆ ನಕ್ಷೆ ಬಿಡಿಸಿಕೊಳ್ಳಬೇಕು. ಹೊಸ ರ‍್ಯಾಕಿನ ಒಳಕೀಲುಗಳು ಈ ಬಿಂದುಗಳಿಗೆ ಎಷ್ಟು ಹತ್ತಿರ ಬರುತ್ತವೋ ಕೆಲಸ ಅಷ್ಟು ಚೆನ್ನಾಗಿ ಆಗುತ್ತದೆ.

ರ‍್ಯಾಕಿನ ಆಯ್ಕೆ ಈ ನಕ್ಷೆಯಿಂದ ತಾನಾಗಿ ಹೊರಬರುತ್ತದೆ. ಒಳಕೀಲುಗಳ ನಡುವಿನ ದೂರ ಮೊದಲನೆಯ ಕಟ್ಟಳೆ. ಎರಡನೆಯದು ರ‍್ಯಾಕ್ ಅಡ್ಡಕ್ಕೆ ಸಾಗುವ ದೂರ: ಸ್ಟೀರಿಂಗ್ ಆರ್ಮ್ (ಟೈ ರಾಡ್ ಎಳೆಯುವ, ಚಕ್ರದ ಕಡೆಯ ತೋಳು) 120 ಮಿ.ಮೀ. ಉದ್ದವಿದ್ದು ಚಕ್ರ ಸುಮಾರು 30 ಡಿಗ್ರಿ ತಿರುಗಬೇಕಾದರೆ ಪ್ರತಿ ಪಕ್ಕಕ್ಕೆ 60 ಮಿ.ಮೀ., ಒಟ್ಟು 120 ಮಿ.ಮೀ. ಬೇಕಾಗುತ್ತದೆ, ಸ್ಟೀರಿಂಗಿನ ಒಂದು ಸುತ್ತಿಗೆ 40 ಮಿ.ಮೀ. ಸಾಗುವ ರ‍್ಯಾಕ್ ಆದರೆ ಲಾಕ್‌ನಿಂದ ಲಾಕ್‌ಗೆ (ಸ್ಟೀರಿಂಗ್ ತಿರುಗುವ ಒಂದು ಕೊನೆಯಿಂದ ಇನ್ನೊಂದಕ್ಕೆ) ಮೂರು ಸುತ್ತು. ಇದು ಉದಾಹರಣೆಯ ಲೆಕ್ಕ, ನಿಮ್ಮ ಕಾರಿನ ಆರ್ಮ್ ಅಳೆದೇ ಲೆಕ್ಕ ಹಾಕಬೇಕು. ಕಡಿಮೆ ಸಾಗುವ ರ‍್ಯಾಕ್ ಹಾಕಿದರೆ ಕಾರು ತಿರುಗಲು ಮೈದಾನವೇ ಬೇಕಾಗುತ್ತದೆ; ಹೆಚ್ಚು ಸಾಗುವುದಾದರೆ ಸ್ಟಾಪ್ ಹಾಕಿ ಮಿತಿಗೊಳಿಸಬೇಕು. ಮೂರನೆಯದಾಗಿ, ಪವರ್ ಸ್ಟೀರಿಂಗ್ ಇಲ್ಲದ, ಪದ್ಮಿನಿಯಷ್ಟು ಅಥವಾ ಅದಕ್ಕಿಂತ ಹೆಚ್ಚು ತೂಕದ ಕಾರಿನದ್ದಾಗಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ರ‍್ಯಾಕ್ ಕೊಳ್ಳಬಹುದು; ಅಪಘಾತದಲ್ಲಿ ಬಾಗಿದ್ದಿರಬಹುದಾದ ಗುಜರಿ ರ‍್ಯಾಕನ್ನು ಅಳತೆಯ ಮಾದರಿಗಷ್ಟೇ ಬಳಸಿ. ಉದ್ದ ಹೊಂದಲಿಲ್ಲವೆಂದು ರ‍್ಯಾಕಿನ ಸರಳನ್ನೋ ಟೈ ರಾಡನ್ನೋ ಕತ್ತರಿಸಿ ವೆಲ್ಡ್ ಮಾಡಿಸಲು ಯಾವ ಕಾರಣಕ್ಕೂ ಒಪ್ಪಬೇಡಿ.

ಸ್ಟೀರಿಂಗ್ ಆರ್ಮ್‌ಗಳು ಆಕ್ಸೆಲ್ ಗೆರೆಯ (ಎರಡು ಮುಂಚಕ್ರಗಳ ನಡುಬಿಂದುಗಳನ್ನು ಸೇರಿಸುವ ಗೆರೆಯ) ಹಿಂದಿವೆಯೋ ಮುಂದಿವೆಯೋ ಎಂಬುದನ್ನೂ ನೋಡಬೇಕು. ಹಿಂದೆ ಕೂರಲೆಂದು ಮಾಡಿದ ರ‍್ಯಾಕನ್ನು ಹಾಗೆಯೇ ಮುಂದಿಟ್ಟರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಿದಾಗ ಕಾರು ಎಡಕ್ಕೆ ಹೋಗುತ್ತದೆ. ಅದನ್ನು ತಲೆಕೆಳಗು ಮಾಡಿದರೆ ದಿಕ್ಕು ಸರಿಯಾಗುತ್ತದೆ, ಆದರೆ ಬಲಗಡೆ ಇರಬೇಕಾದ ಪಿನಿಯನ್ ಎಡಗಡೆಗೆ ಹೋಗುತ್ತದೆ.

ಕೂರಿಸುವುದು ಮತ್ತು ಪರೀಕ್ಷೆ

ಬ್ರಾಕೆಟ್‌ಗಳನ್ನು ಮೊದಲು ದಪ್ಪ ರಟ್ಟಿನಲ್ಲಿ ಕತ್ತರಿಸಿ ನೋಡಿ, ಎಂಜಿನ್ ಸಂಪಿಗೂ ಸೈಲೆನ್ಸರ್ ಪೈಪಿಗೂ ರ‍್ಯಾಕ್ ತಗಲುವುದಿಲ್ಲವೆಂದು ಖಾತ್ರಿಯಾದ ಮೇಲೆ 6 ಮಿ.ಮೀ. ಉಕ್ಕಿನ ತಗಡಿನಲ್ಲಿ ಮಾಡಿಸಬೇಕು. ಬೋಲ್ಟುಗಳು 8.8 ದರ್ಜೆಯವಾಗಿರಲಿ, ನಟ್ಟುಗಳು ತಾವಾಗಿ ಸಡಿಲವಾಗದ ನೈಲಾಕ್ ಬಗೆಯವಾಗಿರಲಿ. ಪೊಳ್ಳು ಚಾಸಿ ಬೋಲ್ಟಿನ ಬಿಗಿತಕ್ಕೆ ಕುಗ್ಗದಂತೆ ಒಳಗೆ ಉಕ್ಕಿನ ಸ್ಲೀವ್ ಇಡಿ. ಬೋಲ್ಟ್ ಬಿಗಿಯುವ ಮುನ್ನ ರ‍್ಯಾಕನ್ನು ಮೇಲೆ ಕೆಳಗೆ ಸರಿಸಲು ಶಿಮ್ (ತೆಳು ಲೋಹದ ಬಿಲ್ಲೆ) ಹಾಕುವ ಅವಕಾಶ ಉಳಿಸಿಕೊಳ್ಳುವುದು ಮುಖ್ಯ, ಏಕೆಂದರೆ ಮುಂದಿನ ಪರೀಕ್ಷೆಗೆ ಅದು ಬೇಕೇ ಬೇಕು.

ಕಾಯಿಲ್ ಸ್ಪ್ರಿಂಗ್ ತೆಗೆದು, ಕೆಳಗಿನ ವಿಶ್‌ಬೋನಿಗೆ ಜಾಕ್ ಕೊಟ್ಟು, ರ‍್ಯಾಕನ್ನು ನಡುವಿನಲ್ಲಿ ಅಲುಗದಂತೆ ಕಟ್ಟಿ, ಚಕ್ರದ ಹಬ್ಬಿಗೆ ನೇರವಾದ ಹಲಗೆಯೊಂದನ್ನು ಬಿಗಿಯಬೇಕು. ಕಾರಿನ ನಡುಗೆರೆಗೆ ಸಮಾನಾಂತರವಾಗಿ ಬಿಗಿದ ದಾರದಿಂದ ಹಲಗೆಯ ಮುಂತುದಿಗೂ ಹಿಂತುದಿಗೂ ಇರುವ ದೂರವನ್ನು, ಚಕ್ರ ಸಹಜ ಎತ್ತರದಲ್ಲಿದ್ದಾಗಲೂ, ಅಲ್ಲಿಂದ 50 ಮಿ.ಮೀ. ಮೇಲೆ ಮತ್ತು 50 ಮಿ.ಮೀ. ಕೆಳಗೆ ಒಯ್ದಾಗಲೂ ಅಳೆಯಿರಿ. ಮೇಲೇರುವಾಗ ಹೊರಕ್ಕೂ ಇಳಿಯುವಾಗ ಒಳಕ್ಕೂ, ಅಥವಾ ಇದಕ್ಕೆ ತದ್ವಿರುದ್ಧವಾಗಿ ತಿರುಗಿದರೆ ಒಳಕೀಲಿನ ಎತ್ತರ ತಪ್ಪಿದೆ, ಶಿಮ್‌ನಿಂದ ಸರಿಹೋಗುತ್ತದೆ. ಮೇಲೇರಿದರೂ ಇಳಿದರೂ ಒಂದೇ ಕಡೆಗೆ ತಿರುಗಿದರೆ ಟೈ ರಾಡಿನ ಉದ್ದ ತಪ್ಪಿದೆ, ಅಂದರೆ ರ‍್ಯಾಕಿನ ಆಯ್ಕೆಯೇ ತಪ್ಪು. ಹಲಗೆಯ ಎರಡು ತುದಿಗಳ ವ್ಯತ್ಯಾಸ 1 ಮಿ.ಮೀ. ಆಸುಪಾಸಿಗೆ ಇಳಿಯುವವರೆಗೆ ನಾನು ಮುಂದಕ್ಕೆ ಹೋಗಲು ಬಿಡುವುದಿಲ್ಲ. ಈ ಪರೀಕ್ಷೆಗೆ ಒಂದು ದಿನ ಹಿಡಿದರೂ ಹಿಡಿಯಲಿ.

ಟೈ ರಾಡ್ ಎಂಡಿನ ಮೊನಚು ಸ್ಟೀರಿಂಗ್ ಆರ್ಮಿನ ರಂಧ್ರಕ್ಕೆ ಸರಿಯಾಗಿ ಕೂರಬೇಕು. ಬೇರೆ ಬೇರೆ ಕಾರುಗಳ ಟೇಪರ್ (ಮೊನಚಿನ ಇಳಿಜಾರು) ಬೇರೆ ಬೇರೆ. ಕೈಗೆ ಬಿಗಿಯಾಗಿ ಕೂತಂತೆ ಕಂಡರೂ ತುದಿಯಲ್ಲಿ ಮಾತ್ರ ಮುಟ್ಟುತ್ತಿರಬಹುದು. ಮೊನಚಿಗೆ ತೆಳುವಾಗಿ ನೀಲಿ ಬಣ್ಣ ಸವರಿ, ಕೂರಿಸಿ ತೆಗೆದಾಗ ಬಣ್ಣ ಉದ್ದಕ್ಕೂ ಅಳಿಸಿದ್ದರೆ ಸರಿ. ಇಲ್ಲವಾದರೆ ಅನುಭವಿ ಲೇತ್ ಕೆಲಸಗಾರರಿಂದ ಟೇಪರ್ ರೀಮ್ ಮಾಡಿಸಬೇಕು. ಕ್ಯಾಸಲ್ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕುವುದನ್ನು ಮರೆಯಬಾರದು.

ಕಾಲಂ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬ) ಕೆಲಸ ಪದ್ಮಿನಿಯಲ್ಲಿ ಸ್ವಲ್ಪ ನಾಜೂಕಿನದು, ಏಕೆಂದರೆ ಹೆಚ್ಚಿನ ಪದ್ಮಿನಿಗಳಲ್ಲಿ ಗೇರ್ ಲಿವರ್ ಕೂಡ ಅದರ ಮೇಲೆಯೇ ಇದೆ. ಪೆಟ್ಟಿಗೆ ಹೋದೊಡನೆ ಕಾಲಮ್ಮಿನ ಕೆಳತುದಿಗೆ ಆಸರೆ ತಪ್ಪುವುದರಿಂದ ಅಲ್ಲಿ ಬೇರಿಂಗ್ ಸಹಿತ ಬ್ರಾಕೆಟ್ ಕೊಡಬೇಕು, ಗೇರಿನ ರಾಡ್‌ಗಳು ಹಿಂದಿನಷ್ಟೇ ಸಲೀಸಾಗಿ ಆಡುತ್ತವೆಯೇ ಎಂದು ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಅಲ್ಲಿಂದ ಪಿನಿಯನ್‌ವರೆಗೆ ಎರಡು ಯುನಿವರ್ಸಲ್ ಜಾಯಿಂಟ್ (ಕೋನದಲ್ಲೂ ತಿರುಗುವಿಕೆಯನ್ನು ದಾಟಿಸುವ ಕೀಲು) ಸಾಕು. ಎರಡರ ಕೋನವೂ ಸಮನಾಗಿ, 30 ಡಿಗ್ರಿಯೊಳಗೆ ಇರಲಿ, ನಡುವಿನ ಶಾಫ್ಟಿನ ಎರಡೂ ಕವಲುಗಳು ಒಂದೇ ಸಮತಲದಲ್ಲಿರಲಿ. ಇದು ತಪ್ಪಿದರೆ ಸ್ಟೀರಿಂಗ್ ಒಂದು ಕಡೆ ಹಗುರವಾಗಿ, ಇನ್ನೊಂದು ಕಡೆ ಬಿಗಿಯಾಗಿ ತಿರುಗುತ್ತದೆ. ಮೂರನೇ ಜಾಯಿಂಟ್ ಅನಿವಾರ್ಯವಾದರೆ ನಡುವೆ ಆಸರೆ ಬೇರಿಂಗ್ ಇರಲೇಬೇಕು. ಜಾಯಿಂಟುಗಳಲ್ಲಿ ಕೋನವಾಗಿ ತಿರುಗಿ ಸಾಗುವ ಇಂಥ ಶಾಫ್ಟು ಮುಂದಿನಿಂದ ಡಿಕ್ಕಿಯಾದಾಗ ನೇರವಾದ ಉದ್ದ ಶಾಫ್ಟಿನಂತೆ ಚಾಲಕನ ಎದೆಗೆ ನುಗ್ಗದು ಎಂಬುದು ಈ ಬದಲಾವಣೆಯ ದೊಡ್ಡ ಲಾಭಗಳಲ್ಲೊಂದು.

ಕೊನೆಯಲ್ಲಿ ಲಾಕ್‌ನಿಂದ ಲಾಕ್‌ಗೆ ಸುತ್ತು ಎಣಿಸಿ ರ‍್ಯಾಕನ್ನು ನಡುವಿಗೆ ತಂದು, ಎರಡೂ ಟೈ ರಾಡ್‌ಗಳನ್ನು ಸಮ ಉದ್ದಕ್ಕೆ ಇಟ್ಟು, ಟೋ-ಇನ್ (ಮುಂಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ) 2 ಮಿ.ಮೀ. ಹತ್ತಿರಕ್ಕೆ ಹೊಂದಿಸಬೇಕು. ಒಬ್ಬರು ನಿಂತ ಕಾರಿನ ಸ್ಟೀರಿಂಗ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಬ್ರಾಕೆಟ್‌ಗಳನ್ನು ಗಮನಿಸಲಿ. ಅವು ಕಣ್ಣಿಗೆ ಕಾಣುವಷ್ಟು ಬಾಗಿದರೂ ಇನ್ನೂ ಗಟ್ಟಿಯಾಗಿ ಮಾಡಿಸಬೇಕು. ಹಿಂದಿನದಕ್ಕಿಂತ ಕಡಿಮೆ ಸುತ್ತಿನ ರ‍್ಯಾಕ್ ಆದರೆ ಕಾರು ನಿಂತಾಗ ಸ್ಟೀರಿಂಗ್ ಭಾರವೆನಿಸುವುದು ಸಹಜ. ಆದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ರ‍್ಯಾಕಿನ ಅಡ್ಜಸ್ಟಿಂಗ್ ನಟ್ ಅತಿಯಾಗಿ ಬಿಗಿದಿದೆ ಅಥವಾ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಿದೆ. ಮೊದಲ ಓಟ ವಾಹನಗಳಿಲ್ಲದ ಬಯಲಿನಲ್ಲಿ, 20 ಕಿ.ಮೀ. ವೇಗ ಮೀರದಂತೆ ನಡೆಯಲಿ. 100 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಿಂದ ಮತ್ತೆ ಪರೀಕ್ಷಿಸಿ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿಂದ ಮುಂದೆ ಪ್ರತಿ ಸರ್ವಿಸಿನಲ್ಲೂ ರ‍್ಯಾಕಿನ ರಬ್ಬರ್ ಬೂಟುಗಳನ್ನು ನೋಡುತ್ತಿರಬೇಕು. ಹರಿದ ಬೂಟಿನೊಳಗೆ ಒಂದು ಮಳೆಗಾಲದ ನೀರು, ಮಣ್ಣು ಸೇರಿದರೆ ರ‍್ಯಾಕಿನ ಹಲ್ಲುಗಳು ಬೇಗ ಸವೆದುಹೋಗುತ್ತವೆ.