ಹಳೇ ರೇಡಿಯೊದಲ್ಲಿ ಸೂರ್ಯನ ನಾಡಿ ಹಿಡಿಯುವುದು ಹೇಗೆ?

1989ರಲ್ಲಿ ತಿಪಟೂರಿನಲ್ಲಿ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಒಂದು ಮಧ್ಯಾಹ್ನ ಗಿರಾಕಿಯ ಸೆಟ್‌ನಲ್ಲಿ ಶಾರ್ಟ್‌ವೇವ್ ಇದ್ದಕ್ಕಿದ್ದಂತೆ ಸತ್ತುಹೋಯಿತು. ಹಿಂಬದಿ ಬಿಚ್ಚಿ ಬ್ಯಾಂಡ್ ಸ್ವಿಚ್ ಉಜ್ಜಿದೆ. ಎರಡು ಕಡೆ ಬೆಸುಗೆಯನ್ನೂ ಹಾಕಿದೆ. ಊಹೂಂ. ಪಕ್ಕದ ಸೆಟ್ ಹಾಕಿದರೆ ಅದೂ ಮೂಕ! ಮುಕ್ಕಾಲು ಗಂಟೆ ಕಳೆದ ಮೇಲೆ ಎರಡೂ ತಾವಾಗಿಯೇ ಮಾತಾಡಿದವು. ಗಿರಾಕಿ ಹತ್ತಿರ ದುಡ್ಡು ಬೇರೆ ತಗೊಂಡೆ. ತೊಂದರೆ ಇದ್ದದ್ದು ಸೆಟ್‌ನಲ್ಲಲ್ಲ, ಆಕಾಶದಲ್ಲಿ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ನಮ್ಮ ತಲೆಯ ಮೇಲೆ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಡಿ' ಪದರ ಅಂತ, ವಿದ್ಯುತ್ ಕಣಗಳಿರುವ ಗಾಳಿಯ ಪದರ ಇದೆ. ಬಿಸಿಲು ಇರುವಷ್ಟು ಹೊತ್ತು ಅದು ರೇಡಿಯೊ ಅಲೆಗಳನ್ನು ನುಂಗುತ್ತದೆ. ಸೂರ್ಯನಲ್ಲಿ ದೊಡ್ಡ ಜ್ವಾಲೆ ಸಿಡಿದರೆ ಎಕ್ಸ್-ಕಿರಣ ಎಂಟೇ ನಿಮಿಷದಲ್ಲಿ ಇಲ್ಲಿಗೆ ಬಂದು ಆ ಪದರವನ್ನು ಗಟ್ಟಿ ಮಾಡುತ್ತದೆ. ಆಗ ಹಗಲಿರುವ ಕಡೆಯೆಲ್ಲ ಶಾರ್ಟ್‌ವೇವ್ ಬಂದ್. ಹೊತ್ತು ಮುಳುಗಿದ ಮೇಲೆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ದೂರದ ಊರಿಗೆ ಇಳಿಯುತ್ತವೆ.

ಇದನ್ನು ನೀವು ಇವತ್ತೇ ಕೇಳಬಹುದು. ಮೀಡಿಯಂವೇವ್ ಇರುವ ಟ್ರಾನ್ಸಿಸ್ಟರ್ ಒಂದು ಸಾಕು. ಮಧ್ಯಾಹ್ನ ಹನ್ನೆರಡಕ್ಕೆ 531ರಿಂದ 1602 ಕಿಲೋಹರ್ಟ್ಸ್‌ವರೆಗೆ ನಿಧಾನಕ್ಕೆ ಮುಳ್ಳು ತಿರುಗಿಸಿ, ಸಿಕ್ಕಿದ ಸ್ಟೇಷನ್ ಬರೆದಿಡಿ. ಬೆಂಗಳೂರಿನ 612ರಂಥ ಹತ್ತಿರದವು ಮಾತ್ರ ಸಿಗುತ್ತವೆ. ರಾತ್ರಿ ಒಂಬತ್ತಕ್ಕೆ ಮತ್ತೆ ತಿರುಗಿಸಿ. ತಮಿಳು, ತೆಲುಗು, ಹಿಂದಿ, ಒಂದರ ಮೇಲೊಂದು! ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಮೊದಲೇ ಆರಿಸಿ, ಇಲ್ಲದಿದ್ದರೆ ಬರೀ ಗೊರಗೊರ. ಸೆಟ್ಟನ್ನು ಮೇಜಿನ ಮೇಲಿಟ್ಟು ಕಾಲು ಸುತ್ತು ತಿರುಗಿಸಿ ನೋಡಿ. ಒಳಗಿನ ಫೆರೈಟ್ ಕಡ್ಡಿ ಅಲೆಗೆ ಅಡ್ಡವಾಗಿ ನಿಂತಾಗ ದನಿ ಏರುತ್ತದೆ.

ಜೊತೆಗೆ ಆ ಜ್ವಾಲೆಗಳು ಹೆಚ್ಚಾಗಿ ಸಿಡಿಯುವ ಜಾಗವಾದ ಸೂರ್ಯನ ಕಪ್ಪು ಕಲೆಗಳನ್ನೂ ಎಣಿಸಿ. ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಮುಚ್ಚಳ ಹಾಕಿ, ಇನ್ನೊಂದರಿಂದ ಬಿಸಿಲನ್ನು ಒಂದಡಿ ದೂರದ ಬಿಳಿ ಹಾಳೆಗೆ ಬೀಳಿಸಿ. ಅದರೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ, ಕಣ್ಣು ಹೋಗುತ್ತದೆ. ಮಕ್ಕಳಿದ್ದರೆ ಪಕ್ಕದಲ್ಲೇ ನಿಂತಿರಿ. ಅರ್ಧ ನಿಮಿಷಕ್ಕೊಮ್ಮೆ ಪಕ್ಕಕ್ಕೆ ತಿರುಗಿಸಿ, ಗಾಜು ಕಾಯುತ್ತದೆ. ಹಾಳೆಯ ಮೇಲೆ ಸಾಸಿವೆಯಂಥ ಚುಕ್ಕೆ ಕಂಡರೆ ಹಾಳೆಯನ್ನು ಸ್ವಲ್ಪ ಅಲ್ಲಾಡಿಸಿ. ಕದಲದೆ ಸೂರ್ಯನ ಬಿಂಬದಲ್ಲೇ ನಿಂತರೆ ಅದು ಕಲೆ, ಹಾಳೆಯ ಜೊತೆ ಸರಿದರೆ ಕೊಳೆ.

'ಕಲೆ ಜಾಸ್ತಿಯಾಗಿದ್ದಕ್ಕೇ ಈ ಸೆಕೆ, ಅಲ್ವಾ?' ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಅಲ್ಲ. ಕಲೆಗಳ ಹನ್ನೊಂದು ವರ್ಷದ ಏರಿಳಿತದಲ್ಲಿ ಸೂರ್ಯನ ಒಟ್ಟು ಬೆಳಕು ಬದಲಾಗುವುದು ನೂರಕ್ಕೆ 0.1ರಷ್ಟು ಮಾತ್ರ. ಮೇಲಿನ ತೆಳು ಗಾಳಿಗೆ ಮಾತ್ರ ಸೂರ್ಯನ ಎಕ್ಸ್-ಕಿರಣ, ಅಲ್ಲಿಂದ ಬರುವ ಕಣಗಳ ಬಿರುಗಾಳಿ ಜೋರಾಗಿ ತಟ್ಟುತ್ತವೆ. 2022ರ ಫೆಬ್ರವರಿಯಲ್ಲಿ ಹಾಗೆ ಆ ತೆಳು ಗಾಳಿ ಉಬ್ಬಿ, ಆಗಷ್ಟೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಕೆಳಗೆ ಬಿದ್ದು ಸುಟ್ಟುಹೋದವು. ಇನ್ನೊಂದು ಸಂಗತಿ: ಸೆಕೆಗೆ ಸೂರ್ಯನೇ ಕಾರಣವಾಗಿದ್ದರೆ ಮೇಲಿನ ವಾಯುಮಂಡಲವೂ ಕಾಯಬೇಕಿತ್ತು. ಅದು ದಶಕಗಳಿಂದ ತಣ್ಣಗಾಗುತ್ತಿದೆ, ಕಾಯುತ್ತಿರುವುದು ಕೆಳಗಿನದು. ಅದು ನಮ್ಮ ಹೊಗೆಯ ಗುರುತು.

ಈ ಸಲದ ಏರಿಕೆ 2024ರಲ್ಲಿ ತುದಿ ಮುಟ್ಟಿ ಆಯಿತು, ಇನ್ನು ಕಲೆಗಳು ಕಮ್ಮಿಯಾಗುತ್ತವೆ. ಎಣಿಸುವುದಿದ್ದರೆ ಬೇಗ ಶುರುಮಾಡಿ.