ಶುಗರ್ ಇರುವವರ ಪಾದಕ್ಕೆ ಎಷ್ಟು ಅಪಾಯ? ಅಳೆಯುವುದು ಹೀಗೆ

ಕಬ್ಬಿನ ಗದ್ದೆಯಲ್ಲಿ ಕೂಳೆ ಚುಚ್ಚಿದ್ದು ಸಂಜೆ ಕಾಲು ತೊಳೆಯುವಾಗಲಷ್ಟೇ ಕಣ್ಣಿಗೆ ಬಿತ್ತೆಂದರೆ ಆ ಪಾದದ ನರ ಸೋತಿರುವ ಸಾಧ್ಯತೆ ಹೆಚ್ಚು. ಮಂಡ್ಯ ಸೀಮೆಯಲ್ಲಿ ಬರಿಗಾಲಲ್ಲಿ ಕೆಸರಿಗಿಳಿಯುವವರು ‘ನೋವಿಲ್ಲ, ಬಿಡಿ’ ಅಂದಾಗಲೇ ನಾವು ಎಚ್ಚರವಾಗಬೇಕು. ಟೈಪ್ 2 ಮಧುಮೇಹವಾದರೆ ಪತ್ತೆಯಾದ ದಿನದಿಂದಲೇ ವರ್ಷಕ್ಕೊಮ್ಮೆಯಾದರೂ ಪಾದ ಪರೀಕ್ಷೆ ಆಗಬೇಕು.

ಮೊದಲು ಕೇಳಿ. ಹಿಂದೆ ಹುಣ್ಣಾಗಿತ್ತೇ? ಬೆರಳು ತೆಗೆದಿದ್ದಾರೆಯೇ? ಡಯಾಲಿಸಿಸ್ ಇದೆಯೇ? ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೇ? ಹವಾಯಿ ಚಪ್ಪಲಿ ಕಳಚಿದ್ದು ತಿಳಿಯದೆ ನಡೆದದ್ದುಂಟೇ?

ಆಮೇಲೆ ಬೆಳಕಿನಲ್ಲಿ ಎರಡೂ ಪಾದ ನೋಡಿ. ಬೆರಳ ಸಂದು, ಹಿಮ್ಮಡಿ ಒಡಕು, ಕಾಲುಂಗುರದ ಅಡಿ ಬಿಡಬೇಡಿ. ಆಣಿಯೊಳಗೆ ಕಪ್ಪು ರಕ್ತದ ಕಲೆ ಕಂಡರೆ ಅಡಿಯಲ್ಲಿ ಹುಣ್ಣು ಶುರುವಾಗಿರಬಹುದು. ಬ್ಲೇಡು, ಆಣಿ ಪಟ್ಟಿ ಎರಡೂ ಬೇಡ. ಗಾಯವಿಲ್ಲದೆಯೂ ಒಂದೇ ಪಾದ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಮೂಳೆ ಕುಸಿಯುವ ಶಾರ್ಕೋ ಪಾದ ಇರಬಹುದು. ಅದರ ಮೇಲೆ ಭಾರ ಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ಪರ್ಶ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ 1–2 ಸೆಕೆಂಡ್ ಹಗುರವಾಗಿ ಮುಟ್ಟಿ. ಅವರು ‘ಎಡ’, ‘ಬಲ’ ಎನ್ನಬೇಕು. ಒತ್ತಬಾರದು, ತಟ್ಟಬಾರದು, ತಿಳಿಯದಿದ್ದ ಬೆರಳನ್ನು ಮತ್ತೆ ಮುಟ್ಟಬಾರದು. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶಜ್ಞಾನ ಕುಂದಿದೆ ಎಂದೇ ಲೆಕ್ಕ.

ಕ್ಲಿನಿಕ್ಕಿನಲ್ಲಿ ಇದಕ್ಕೆ 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆ ಬಳಸುತ್ತಾರೆ. ಹೆಬ್ಬೆರಳಿನ ಅಡಿ, ಹೆಬ್ಬೆರಳು ಮತ್ತು ಕಿರುಬೆರಳಿನ ಬುಡದ ಉಬ್ಬುಗಳ ಅಡಿ, ಈ ಮೂರು ಕಡೆ ಎಳೆ ಬಾಗುವವರೆಗೆ ಒತ್ತಬೇಕು. ಪ್ರತಿ ಜಾಗಕ್ಕೆ ಮೂರು ಸಲ, ಅದರಲ್ಲೊಂದು ಮುಟ್ಟದೆಯೇ ಕೇಳುವ ಸುಳ್ಳು ಸರದಿ. ಅದನ್ನು ಬಿಟ್ಟರೆ ಎಷ್ಟೋ ಜನ ಅಭ್ಯಾಸಬಲದಿಂದ ‘ಹೂಂ’ ಅನ್ನುತ್ತಾ ಹೋಗುತ್ತಾರೆ. ಆಣಿಯ ಮೇಲೆ ಒತ್ತಿದರೆ ಒಳ್ಳೆಯ ನರವೂ ಸತ್ತಂತೆ ಕಾಣುತ್ತದೆ. ಎಳೆಯೂ ದಣಿಯುತ್ತದೆ: ಹತ್ತು ಜನರಿಗೆ ಬಳಸಿದ ಮೇಲೆ 24 ಗಂಟೆ ಬಿಡಬೇಕು.

ಕೊನೆಗೆ ರಕ್ತಸಂಚಾರ. ಪಾದದ ಮೇಲ್ಭಾಗ, ಕಣಕಾಲಿನ ಒಳಗಂಟಿನ ಹಿಂದೆ ನಾಡಿ ಸಿಗದಿದ್ದರೆ ಡಾಪ್ಲರ್ ಎಂಬ, ರಕ್ತದ ಹರಿವನ್ನು ಪತ್ತೆಹಚ್ಚುವ ಯಂತ್ರದಿಂದ ಕಣಕಾಲು–ತೋಳಿನ ರಕ್ತದೊತ್ತಡದ ಅನುಪಾತ ತೆಗೆಸಬೇಕು. 0.9ಕ್ಕಿಂತ ಕಡಿಮೆಯಾದರೆ ರಕ್ತನಾಳ ಕಿರಿದಾಗಿದೆ. 1.3 ದಾಟಿದರೆ ಸಮಾಧಾನಪಡಬೇಡಿ. ಶುಗರ್‌ನಲ್ಲಿ ನಾಳ ಗಡುಸಾಗಿ ಅಂಕಿ ಸುಳ್ಳಾಗಿ ಏರಿರುತ್ತದೆ.

ಸ್ಪರ್ಶ, ರಕ್ತಸಂಚಾರ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಒಂದು ಕೆಟ್ಟಿದ್ದರೆ 6–12 ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಇಲ್ಲವೇ ಒಂದರ ಜೊತೆ ಪಾದದ ಆಕಾರವೂ ಕೆಟ್ಟಿದ್ದರೆ 3–6 ತಿಂಗಳಿಗೊಮ್ಮೆ. ಸ್ಪರ್ಶ, ರಕ್ತಸಂಚಾರಗಳಲ್ಲಿ ಒಂದಾದರೂ ಕೆಟ್ಟಿದ್ದು, ಜೊತೆಗೆ ಹಳೆಯ ಹುಣ್ಣು, ಬೆರಳು ಕತ್ತರಿಸಿದ್ದು ಅಥವಾ ಕೊನೇ ಹಂತದ ಮೂತ್ರಪಿಂಡ ವೈಫಲ್ಯವಿದ್ದರೆ 1–3 ತಿಂಗಳಿಗೊಮ್ಮೆ. ತೆರೆದ ಹುಣ್ಣು ಈ ಲೆಕ್ಕಕ್ಕೇ ಬಾರದು: ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸೋ, ಹತ್ತಿರದ್ದಕ್ಕೆ ತಡಮಾಡದೆ ಹೋಗಿ.

ಸ್ಪರ್ಶ ಕುಂದಿದವರು ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬಾರದು, ಬರೀ ಸಾಕ್ಸಿನಲ್ಲೂ ಬೇಡ. ಬಸ್ಸಿನಲ್ಲಿ ಹೋಗಿ, ಕಲ್ಲು ಕಾಯುವ ಮೊದಲೇ ದರ್ಶನ ಮುಗಿಸಿ.