ಮೇಪಲ್ ಪಾಕದ ಒಲೆಗೆ ಗಾಳಿಯ ದಾರಿ

ಅಮೆರಿಕದ ವರ್ಮಾಂಟಿನಲ್ಲಾಗಲಿ ಕೆನಡಾದ ಕ್ವಿಬೆಕ್‌ನಲ್ಲಾಗಲಿ ಹಿತ್ತಲ ಮೇಪಲ್ ಮರಗಳಿಂದ ರಸ ಇಳಿಸಿ ಸೌದೆ ಒಲೆಯಲ್ಲಿ ಪಾಕ ಕಾಯಿಸುವವರು, ಕುದಿ ಮಂದವಾದೊಡನೆ ಇನ್ನೆರಡು ಕೊರಡು ತುರುಕುವುದು ವಾಡಿಕೆ. ಆದರೆ ಆ ಹೊತ್ತಿಗೆ ಒಲೆಗೆ ಕಡಿಮೆ ಬಿದ್ದಿರುವುದು ಹೆಚ್ಚಾಗಿ ಗಾಳಿಯೇ. ರಸದಲ್ಲಿ ಶೇಕಡಾ 2ರಷ್ಟು ಸಕ್ಕರೆಯಿದ್ದರೆ ಒಂದು ಲೀಟರ್ ಪಾಕಕ್ಕೆ ಸುಮಾರು 43 ಲೀಟರ್ ರಸ ಬೇಕಾಗುವುದರಿಂದ, ಉಸಿರುಕಟ್ಟಿದ ಒಲೆ ಸೌದೆಯ ಜೊತೆಗೆ ನಿಮ್ಮ ನಿದ್ದೆಯನ್ನೂ ತಿನ್ನುತ್ತದೆ.

ಮೊದಲು ಬೂದಿಯನ್ನು ನೋಡಿ. ಪ್ರತಿದಿನ ಒಲೆ ಹಚ್ಚುವ ಮುನ್ನ ಬೂದಿಗುಂಡಿಯನ್ನು ಬರಿದು ಮಾಡಿ, ಜಾಲರಿಯ ಕಂಬಿಗಳ ಸಂದುಗಳನ್ನು ಸಲಾಕೆಯಿಂದ ಬಿಡಿಸಬೇಕು. ಸೌದೆ ಚೆನ್ನಾಗಿ ಒಣಗಿದ್ದು, ಮಣಿಕಟ್ಟಿನ ದಪ್ಪಕ್ಕೆ ಸೀಳಿದ್ದಿರಲಿ. ಅಡ್ಡಡ್ಡವಾಗಿ, ನಡುವೆ ಸಂದು ಬಿಟ್ಟು ಜೋಡಿಸಿ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಒಣಗಿದ ಕಬ್ಬಿನ ಸಿಪ್ಪೆಯನ್ನು ಸ್ವಲ್ಪಸ್ವಲ್ಪವಾಗಿ ಎಡೆಬಿಡದೆ ಒಲೆಗೆ ಕೊಡುತ್ತಾರೆ. ಇಲ್ಲಿಯೂ ಒಮ್ಮೆಗೇ ತುಂಬುವ ಬದಲು ಎಂಟು-ಹತ್ತು ನಿಮಿಷಕ್ಕೊಮ್ಮೆ ಕೊಂಚ ಹಾಕಿ ಬಾಗಿಲನ್ನು ಕೂಡಲೇ ಮುಚ್ಚುವುದು ಲೇಸು, ಏಕೆಂದರೆ ತೆರೆದ ಬಾಗಿಲಿನಿಂದ ನುಗ್ಗುವ ತಣ್ಣನೆಯ ಗಾಳಿ ಕುದಿಯನ್ನೇ ಇಳಿಸಿಬಿಡುತ್ತದೆ. ರಸ ಕುದಿಯುವ ಪ್ಯಾನ್ ಮತ್ತು ಒಲೆಯ ಅಂಚಿನ ನಡುವಿನ ಬಿರುಕುಗಳಿಂದ ಒಳಬರುವ ಗಾಳಿಯೂ ಉರಿಗೆ ಒದಗದೆ ಚಿಮಣಿಯ ಎಳೆತವನ್ನು ಕುಗ್ಗಿಸುತ್ತದೆಯಾದ್ದರಿಂದ ಅವನ್ನು ಶಾಖ ತಡೆಯುವ ಸೆರಾಮಿಕ್ ಪಟ್ಟಿಯಿಂದ ಮುಚ್ಚಿ. ಚಿಮಣಿಯ ಎತ್ತರ ಒಲೆಯ ಉದ್ದದ ಎರಡರಷ್ಟಿರಬೇಕೆಂಬುದು ಹಳಬರ ಅಳತೆ.

ಇಷ್ಟಾದ ಮೇಲೂ ಕುದಿ ಸಾಲದಿದ್ದರೆ ಮಾತ್ರ ಗಾಳಿ ಊದುವ ಬ್ಲೋವರ್ ಕೊಳ್ಳಿ. ಜಾಲರಿಯ ಕೆಳಗಿನಿಂದಷ್ಟೇ ಊದಿದರೆ ಕೆಂಡ ಕೆರಳುತ್ತದೆ, ನಿಜ. ಆದರೆ ಸೌದೆಯಿಂದ ಎದ್ದ ಅನಿಲ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೊರಟುಹೋಗುತ್ತದೆ. ಆದ್ದರಿಂದ ಉರಿಯ ಮೇಲ್ಭಾಗಕ್ಕೂ ಸಣ್ಣ ರಂಧ್ರಗಳ ಕೊಳವೆಯಿಂದ ರಭಸವಾಗಿ ಗಾಳಿ ಕೊಡಬೇಕು. ನನ್ನ ಮಟ್ಟಿಗೆ, ಖರ್ಚು ಮಾಡುವುದಾದರೆ ಇದಕ್ಕೇ ಮಾಡಬೇಕು. ಉರಿ ಹದಕ್ಕೆ ಬಂದಾಗ ಚಿಮಣಿಯ ಬಾಯಲ್ಲಿ ಹೊಗೆ ಕಂಡೂ ಕಾಣದಂತಿರುತ್ತದೆ (ಪ್ಯಾನಿನಿಂದೇಳುವ ಬಿಳಿಯ ಹಬೆಯನ್ನು ಹೊಗೆಯೆಂದು ಎಣಿಸಬೇಡಿ). ಚಿಮಣಿಯ ಬುಡ ಕೆಂಪಗೆ ಕಾದರೆ ಶಾಖ ಪ್ಯಾನಿಗೆ ತಾಗದೆ ಮೇಲಕ್ಕೆ ಓಡುತ್ತಿದೆಯೆಂದು ತಿಳಿದು ಗಾಳಿಯನ್ನು ತಗ್ಗಿಸಿ.

ಬಾಗಿಲು ತೆರೆಯುವ ಮುನ್ನ ಬ್ಲೋವರ್ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಜ್ವಾಲೆ ಮುಖಕ್ಕೇ ಬರುತ್ತದೆ. ದಿನದ ಕೆಲಸ ಮುಗಿಸುವಾಗಲೂ, ಗಾಳಿ ನಿಂತರೂ ಕೆಂಡದ ಕಾವು ಬಹಳ ಹೊತ್ತು ಇರುವುದರಿಂದ, ಪ್ಯಾನಿನ ತಳ ಸೀಯದಷ್ಟು ರಸವನ್ನು ಅದರಲ್ಲಿ ಉಳಿಸಿಯೇ ಎದ್ದುಹೋಗಿ.